ಮೂರು ಸಲ ಕಟ್ಟಾದ ಕರೆ

ಮೂರನೇ ಸಲವೂ ಅಕ್ಕನ ಮುಖ ಲ್ಯಾಪ್‌ಟಾಪಿನ ಪರದೆಯ ಮೇಲೆ ಅಲ್ಲಾಡದೆ ನಿಂತು, ಮಾಯವಾಯಿತು. ತಿರುಮಲೇಶನಿಗೆ ತಲೆಬುಡ ತಿಳಿಯಲಿಲ್ಲ. ತಾನು ಬರುವವರೆಗೂ ಕಾಯದೆ ಅವನು ಅಮ್ಮನ ಸಂಸ್ಕಾರವನ್ನು ಮುಂಬಯಿಯ ಸಯನ್ನಿನಲ್ಲೇ ಮುಗಿಸಿಬಿಟ್ಟನೆಂದು ನಾಲ್ಕು ವರ್ಷ ಮಾತು ಬಿಟ್ಟಿದ್ದ ಮೈಸೂರಿನ ಅಕ್ಕ, ಇವತ್ತು ತಾನಾಗಿಯೇ ಕರೆ ಮಾಡಿದ್ದಳು. ಚೆನ್ನಾಗಿಯೇ ಮಾತಾಡುತ್ತಿದ್ದಳು. ಕೊನೆಯ ವಾರ ಅಮ್ಮ ಮಾತಾಡಿದ ವಿಡಿಯೊ ತೋರಿಸೋಣವೆಂದು ಅವನು ಹಾರ್ಡ್ ಡಿಸ್ಕ್ ಚುಚ್ಚಿದರೆ ಸಾಕು, ಕರೆ ಕಟ್ಟಾಗುತ್ತಿತ್ತು.

“ಅವಳಿಗೆ ನೋಡೋಕೆ ಇಷ್ಟ ಇಲ್ಲ. ಮತ್ಯಾಕೆ ಫೋನ್ ಮಾಡ್ತಾಳೋ!” ಎಂದು ಹೆಂಡತಿ ಸುಪ್ರಜಾಳ ಮುಂದೆ ಗೊಣಗಿ, ಡಿಸ್ಕಿನ ವೈರು ಕಿತ್ತ.

ಸುಪ್ರಜಾ ಪರದೆಯ ಮೂಲೆಗೆ ಬೆರಳಿಟ್ಟಳು. “ರೀ, ಈಗ ವೈಫೈ ಬಂತು ನೋಡಿ. ಇನ್ನೊಂದ್ಸಲ ಚುಚ್ಚಿ.” ಚುಚ್ಚಿದ, ಹೋಯಿತು. ಕಿತ್ತ, ಬಂತು. “ಈ ಡಿಸ್ಕೇ ವೈಫೈ ಸಿಗ್ನಲ್‌ಗೆ ಅಡ್ಡ ಬರ್ತಿರೋದು. ವಿಡಿಯೊ ಲ್ಯಾಪ್‌ಟಾಪಿಗೆ ಹಾಕ್ಕೊಂಡು, ಇದನ್ನ ತೆಗೆದಿಟ್ಟು ಫೋನ್ ಮಾಡಿ.”

ಹಾಗೇ ಮಾಡಿದ. ಅಕ್ಕನ ಕಣ್ಣುಗಳು ಕೆಂಪಾಗಿದ್ದವು. “ತೋರಿಸ್ತೀನಿ ಅಂತೀಯ, ಮೂರು ಸಲಾನೂ ಕಟ್ ಮಾಡ್ತೀಯ. ಮಾತು ಬಿಟ್ಟಿದ್ದಕ್ಕೆ ಇನ್ನೂ ಅಷ್ಟು ಕೋಪಾನೇನೋ ನನ್ನ ಮೇಲೆ?”

ತಿರುಮಲೇಶ ಕಕ್ಕಾಬಿಕ್ಕಿಯಾದ. “ನಾನಲ್ಲ ಅಕ್ಕ! ನೀನೇ ಕಟ್ ಮಾಡ್ತಿದ್ದೀಯ ಅಂದ್ಕೊಂಡಿದ್ದೆ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಗೆ ಇನ್ನಷ್ಟು ಹತ್ತಿರ ಬಂದಳು. “ಸರಿ, ಹಾಕೋ. ಅಮ್ಮ ನನ್ನ ಕೇಳಿದ್ಲಾ?”