ಮೂರು ಪೈಪು ಕೂಡುವಲ್ಲಿ

ದೀಪಿಕಾ ಆಕ್ಸಿಲರೇಟರ್ ಒತ್ತಿದ ಕೂಡಲೇ ಬಾನೆಟ್ಟಿನ ಅಡಿಯಿಂದ ಟಪಟಪ ಸದ್ದು ಬಂತು. ಧಾರೇಶ್ವರದ ಹೊರಗಿನ ಬೀಳು ಗದ್ದೆಯಲ್ಲಿ ಕಾರುಗಳು ಒಂದೊಂದಾಗಿ ಕೆಸರೆರಚುತ್ತ ಸುತ್ತು ಹಾಕುತ್ತಿದ್ದವು, ಬದುವಿನ ಮೇಲೆ ನಿಂತ ಜನ ಶಿಳ್ಳೆ ಹೊಡೆಯುತ್ತಿದ್ದರು. ಸಾಲಿನಲ್ಲಿ ಅವಳ ಮುಂದೆ ಇನ್ನೂ ಹದಿನೈದಿಪ್ಪತ್ತು ಕಾರುಗಳಿದ್ದವು. ತಪಾಸಣೆಯವನು ಬಂದು ಬಾನೆಟ್ ಎತ್ತಿಸಿದ. ಎಂಜಿನ್ನಿನ ಸುಟ್ಟ ಹೊಗೆಯನ್ನು ಹೊರಗೊಯ್ಯುವ ಮೂರು ಪೈಪುಗಳು ಒಂದಾಗುವ ಜಾಗದಲ್ಲಿ ಬೆಸುಗೆ ಬಾಯಿ ಬಿಟ್ಟಿತ್ತು.

"ಹೆಡರ್ ಸೀಳಿದೆ. ಬೆಂಕಿ ವೈರಿಗೇ ಹೊಡೀತದೆ. ಹಿಂಗೇ ಬಿಡ್ಲಿಕ್ಕೆ ಬರುದಿಲ್ಲ" ಎಂದ. "ಕಡೇ ಕಾರು ಓಡುದ್ರೊಳಗೆ ಸರಿ ಮಾಡ್ಕಂಡು ಬನ್ನಿ. ಇಲ್ಲದಿದ್ರೆ ಮುಂದಿನ ವರ್ಷ."

ಬೆಳಕೆ ಊರಿನಲ್ಲಿ ಅಪ್ಪನ ಮೀನಿನ ಟೆಂಪೋ ಓಡಿಸುವ ದೀಪಿಕಾ, ಹಳೆಯ ಸಣ್ಣ ಕಾರೊಂದನ್ನು ಬಿಚ್ಚಿ, ಕಟ್ಟಿ, ಈ ಒಂದು ದಿನಕ್ಕಾಗಿ ಸಜ್ಜು ಮಾಡಿದ್ದಳು. ಇಲ್ಲಿ ಗೆದ್ದವರಿಗೆ ರಾಜ್ಯಮಟ್ಟದ ರೇಸಿಗೆ ಪ್ರವೇಶವಿತ್ತು. ಮುಂದಿನ ವರ್ಷ ಎಂಬ ಮಾತು ಅವಳ ಕಿವಿಗೇ ಹೋಗಲಿಲ್ಲ. ಆಗಲೇ ಪಾನಾ ಕೈಗೆತ್ತಿಕೊಂಡಿದ್ದಳು.

"ಬಿಚ್ಚು ತಂಗಿ, ಬೇಗ ಬಿಚ್ಚು" ಎನ್ನುತ್ತ ಬದುವಿನಿಂದ ಪರಿಚಯದವನೊಬ್ಬ ಇಳಿದು ಬಂದ. ಕುಮಟೆಯಲ್ಲಿ ಗೇಟು, ಗ್ರಿಲ್ಲು ಮಾಡುವ ಬೊಮ್ಮಯ್ಯ. ರೇಸು ನೋಡಲು ಬಂದವನು. "ವೆಲ್ಡಿಂಗ್ ಮಷಿನ್ ನನ್ನ ಗಾಡಿಯಲ್ಲೇ ಉಂಟು."

"ಕರೆಂಟು ಎಲ್ಲಿದೆ ಬೊಮ್ಮಯ್ಯಣ್ಣ? ಬೆಳಿಗ್ಗೆಯಿಂದ ಇಲ್ಲ."

ಬೊಮ್ಮಯ್ಯ ಗದ್ದೆಯಾಚೆಯ ಕಲ್ಯಾಣ ಮಂಟಪದ ಕಡೆ ಗಲ್ಲ ತೋರಿಸಿದ. ಅಲ್ಲಿಂದ ವಾಲಗದ ಸದ್ದು ಬರುತ್ತಿತ್ತು. ಅದರ ಹಿಂದೆ ಜನರೇಟರಿನ ಸದ್ದು.

ಕಾದ ಹೆಡರನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಎದೆಗವಚಿಕೊಂಡು ದೀಪಿಕಾ ಮಂಟಪದ ಪಾಗಾರದ ಗೋಡೆ ಹಾರಿದಳು. ಮಣಿಕಟ್ಟು ಸುಟ್ಟದ್ದು ಆಗ ಅವಳಿಗೆ ಗೊತ್ತಾಗಲಿಲ್ಲ. ಬೊಮ್ಮಯ್ಯ ಮಷಿನ್ ಹೊತ್ತು ಹಿಂದೆಯೇ ಬಂದ. ಜನರೇಟರಿನವನು ಮಾತ್ರ ಎರಡೂ ಕೈ ಅಡ್ಡ ಹಿಡಿದ.

"ಇದಕ್ಕೆ ಕೊಟ್ರೆ ಫ್ಯಾನು, ಮೈಕು ಎಲ್ಲ ಬಂದ್ ಮಾಡ್ಬೇಕು. ಊಟಕ್ಕೆ ಕೂತಿದ್ದಾರೆ ಜನ. ಹೆಣ್ಣಿನ ಅಪ್ಪ ಬಂದ್ರೆ ನಾ ಎಂತ ಹೇಳುದು?"

"ಎಂತ ಅದು?"

ಕೇಳಿದವಳು ಮದುಮಗಳು ಅಂಕಿತಾ. ಧಾರೆ ಮುಗಿದು, ಸೆಕೆ ತಡೆಯದೆ, ಹಿಂದಿನ ಬಾಗಿಲಲ್ಲಿ ಗಾಳಿಗೆ ನಿಂತಿದ್ದಳು. ದೀಪಿಕಾ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

"ಓಡ್ಸುದು ಯಾರು?"

"ನಾನೇ."

ಅಂಕಿತಾ ಒಂದು ಗಳಿಗೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಲೈಸೆನ್ಸ್ ನನ್ನ ಹತ್ರನೂ ಉಂಟು. ಗಾಡಿ ಮಾತ್ರ ಯಾರೂ ಕೊಡುದಿಲ್ಲ" ಎಂದಳು. ಆಮೇಲೆ ಜನರೇಟರಿನವನಿಗೆ, "ಕೊಡು. ಫ್ಯಾನು ತಿರುಗದಿದ್ರೆ ಯಾರೂ ಸಾಯುದಿಲ್ಲ. ಅಪ್ಪನಿಗೆ ನಾ ಹೇಳ್ತೆ."

ಒಳಗೆ ಮೈಕಿನ ದನಿ ಅರ್ಧಕ್ಕೇ ನಿಂತಿತು. ಹೊರಗೆ ಕಿಡಿ ಹಾರಿತು. ಪೈಪು ತೆಳ್ಳಗಿತ್ತು, ಬೊಮ್ಮಯ್ಯನ ಮೊದಲ ಬೆಸುಗೆ ಅದನ್ನು ಸುಟ್ಟು ಕಡಲೆಕಾಳಿನಷ್ಟು ತೂತು ಮಾಡಿತು. ಅವನ ಮುಖ ಕಪ್ಪಿಟ್ಟಿತು. "ಗೇಟಿನ ಕಬ್ಬಿಣದ ಹಾಗಲ್ಲ ಇದು ತಂಗಿ. ಪೂರ್ತಿ ಹೋದ್ರೆ?"

"ಈಗಲೂ ಹೋದ ಹಾಗೇ ಅಣ್ಣ. ಚುಕ್ಕಿ ಚುಕ್ಕಿ ಇಡಿ, ಆರ್ಲಿಕ್ಕೆ ಬಿಡಿ, ಮತ್ತೆ ಇಡಿ."

ಅವನು ಚುಕ್ಕಿ ಇಟ್ಟ. ನಿಂತ. ಮತ್ತೆ ಇಟ್ಟ. ಎಂಜಲು ಕೈಯಲ್ಲೇ ಎದ್ದು ಬಂದ ನೆಂಟರು ಸುತ್ತ ಸೇರಿದರು. ಫ್ಯಾನು ಯಾಕೆ ನಿಂತಿತೆಂದು ಕೇಳಲು ಬಂದವರು ಕೇಳುವುದನ್ನೇ ಮರೆತು ಬಗ್ಗಿ ನೋಡತೊಡಗಿದರು. ಪಾಗಾರದಾಚೆ ಗದ್ದೆಯ ಬ್ಯಾಟರಿ ಧ್ವನಿವರ್ಧಕ, ಇನ್ನು ಐದೇ ಕಾರು ಉಳಿದಿವೆ ಎಂದಿತು.

ಬೊಮ್ಮಯ್ಯ ಹೆಡರನ್ನು ನೀರಿಗೆ ಅದ್ದಿ ತಣಿಸಿ, ಬೆಸುಗೆಯ ಮೇಲೆ ಸೋಪಿನ ನೊರೆ ಬಳಿದ. "ಊದಿ ನೋಡ್ಬೇಕು. ಆಚೆ ಮೂರು ಬಾಯಿ ಮುಚ್ಚುವವರು ಯಾರು?"

ಅಂಕಿತಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈಗಳಿಂದ ಮೂರು ಬಾಯಿಗಳನ್ನು ಒತ್ತಿ ಹಿಡಿದಳು. ದೀಪಿಕಾ ಇನ್ನೊಂದು ತುದಿಗೆ ಬಾಯಿಟ್ಟು ಊದಿದಳು. ನೊರೆಯಲ್ಲಿ ಒಂದು ಗುಳ್ಳೆ ಎದ್ದಿತು. ಬೊಮ್ಮಯ್ಯ ಅಲ್ಲಿಗೆ ಇನ್ನೊಂದು ಚುಕ್ಕಿ ಇಟ್ಟ. ಮತ್ತೆ ನೊರೆ ಬಳಿದು, ಮತ್ತೆ ಊದಿದರು. ಗುಳ್ಳೆ ಏಳಲಿಲ್ಲ.

"ಆತು, ಓಡು" ಎಂದ ಬೊಮ್ಮಯ್ಯ.

ಕೊನೆಯ ಕಾರು ಗುರಿ ಮುಟ್ಟುವ ಹೊತ್ತಿಗೆ ದೀಪಿಕಾ ಹೆಡರಿನ ನಟ್ಟುಗಳನ್ನು ಬಿಗಿದು ಮುಗಿಸಿದ್ದಳು. ಕೀಲಿ ತಿರುಗಿಸಿದಳು. ಟಪಟಪ ಇರಲಿಲ್ಲ, ಎಂಜಿನ್ ಒಂದೇ ದನಿಯಲ್ಲಿ ಗುಡುಗಿತು. ತಪಾಸಣೆಯವನು ಬಗ್ಗಿ ಕಿವಿಯಿಟ್ಟು ಕೇಳಿ, ಪಕ್ಕಕ್ಕೆ ಸರಿದು ಬಾವುಟ ಬೀಸಲು ಸನ್ನೆ ಮಾಡಿದ. ಮೊದಲ ತಿರುವಿನಲ್ಲೇ ಕಾರಿನ ಹಿಂಭಾಗ ಜಾರಿ ಬದುವಿನ ಜನ ಹಿಂದಕ್ಕೆ ಹಾರಿದರು. ಅವಳು ಕಾಲು ತೆಗೆಯಲಿಲ್ಲ. ಕೆಸರು ಗಾಜು ತುಂಬಿ ದಾರಿ ಕಾಣದಾದಾಗ ತಲೆ ಕಿಟಕಿಯಿಂದ ಹೊರಗೆ ಹಾಕಿ ಓಡಿಸಿದಳು. ಪಾಗಾರದ ಮೇಲೆ ಈಗ ಮದುವೆಯ ನೆಂಟರೆಲ್ಲ ಸಾಲಾಗಿ ಹತ್ತಿ ಕೂತಿದ್ದರು. ಅವಳು ಗೆರೆ ದಾಟಿದ ಮೇಲೆ ಧ್ವನಿವರ್ಧಕ ಎಲ್ಲರ ಸಮಯ ಓದಿ, ಮೊದಲ ಸ್ಥಾನಕ್ಕೆ ದೀಪಿಕಾಳ ಹೆಸರು ಕೂಗಿತು. ಕುಮಟೆಯ ಗ್ರಿಲ್ಲಿನ ಬೊಮ್ಮಯ್ಯ ಶರ್ಟು ಬಿಚ್ಚಿ ತಲೆಯ ಮೇಲೆ ತಿರುಗಿಸತೊಡಗಿದ.

ಮಂಟಪದ ಒಳಗೆ ಫ್ಯಾನುಗಳು ಮತ್ತೆ ತಿರುಗುತ್ತಿದ್ದವು. ಮೆಹಂದಿಯ ಕೈಗಳ ಫೋಟೋ ತೆಗೆಯಲು ಬಂದ ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿದ. "ಕೈ ಒಮ್ಮೆ ತೊಳ್ಕೊಂಡು ಬನ್ನಿ ಮೇಡಂ."

ಅಂಕಿತಾ ಎರಡೂ ಅಂಗೈಗಳನ್ನು ಅವನ ಮುಂದೆ ಇನ್ನಷ್ಟು ಅಗಲಿಸಿದಳು. ಕೆಂಪು ಬಳ್ಳಿ, ಹೂಗಳ ನಡುವೆ ಮಸಿಯ ಮೂರು ಉಂಗುರಗಳು ದುಂಡಗೆ ಮೂಡಿದ್ದವು.

"ಹಿಂಗೇ ತೆಗೀರಿ" ಎಂದಳು.