ಎಡಗಾಲಿನ ಬೂಟು

ಮುದುಕ ಪ್ರಾರ್ಥನೆಗೆ ಹೊರಟದ್ದೇ ತಡ, ಕೆಲಸಕ್ಕೆ ಸೇರಿದ್ದ ಹೊಸಬ, ಚಪ್ಪಲಿ ಅಂಗಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಭಾನುವಾರದ ಬೆಳಗು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬೂಟು ಇರುವುದು ಈ ಕಪಾಟಿನಲ್ಲೇ. ಸಿಕ್ಕಿತೋ, ಮೊದಲು ಒಲೆಗೆ. ಆಮೇಲೆ ಊರು ಬಿಟ್ಟರಾಯಿತು.

ಬಲಗಾಲಿನ ಆ ಬೂಟು ಅವನದೇ. ವರ್ಷಗಳ ಹಿಂದೆ ಒಂದು ರಾತ್ರಿ ಕದಿಯಲೆಂದು ಕಿಟಕಿಯ ಗಾಜು ಒಡೆದು ಇದೇ ಅಂಗಡಿಗೆ ನುಗ್ಗಿದ್ದ. ಮುದುಕನ ಒಬ್ಬನೇ ಮಗ ಎದ್ದು ಬಂದು ಕಾಲು ಹಿಡಿದುಕೊಂಡ. ಇವನು ಜಾಡಿಸಿ ಒದ್ದ. ಬೂಟು ಮಗನ ಕೈಯಲ್ಲೇ ಉಳಿಯಿತು, ಅವನ ತಲೆ ಬೂಟು ಹೊಲಿಯುವ ಕಬ್ಬಿಣದ ಅಚ್ಚಿಗೆ ಬಡಿಯಿತು. ಇವನು ಗಾಜಿನ ಚೂರು ತುಳಿದುಕೊಂಡೇ ಓಡಿದ, ಉಳಿದ ಬೂಟನ್ನು ಹೊಳೆಗೆ ಎಸೆದ. ಮಗ ಸತ್ತ. ಅಂದಿನಿಂದ ಎಲ್ಲಿ ಮಲಗಿದರೂ ಯಾರೋ ಕಾಲು ಹಿಡಿದುಕೊಂಡ ಹಾಗಾಗುತ್ತದೆ.

ತಿಂಗಳ ಹಿಂದೆ ಈ ಊರಿಗೆ ಮರಳಿದಾಗ, ಇವನ ಗಡ್ಡ ಹೆರೆಯುತ್ತಾ ಪಕ್ಕದಂಗಡಿಯ ಕ್ಷೌರಿಕ ಮಾತು ತೆಗೆದಿದ್ದ. "ಪೊಲೀಸ್ನೋರು ಕೈಚೆಲ್ಲಿ ಕೂತ್ರು. ಅಜ್ಜ ಬಿಡ್ಲಿಲ್ಲ ನೋಡಿ. ಬೂಟು ಜೋಪಾನವಾಗಿ ಇಟ್ಕೊಂಡಿದ್ದಾನೆ. ಅದರ ಯಜಮಾನ ಬಂದೇ ಬರ್ತಾನೆ, ಅವನಿಗೆ ಕೊಡೋದೊಂದು ಬಾಕಿ ಇದೆ ಅಂತಾನೆ."

ಮಾರನೆಯ ದಿನವೇ ಅವನು ಮುದುಕನ ಬಳಿ ಕೆಲಸ ಕೇಳಿದ. ಕನಿಕರ ಹುಟ್ಟಲಿ ಎಂದು ಬರಿಗಾಲಲ್ಲೇ ಹೋಗಿದ್ದ. ಮುದುಕ ಮುಖ ನೋಡಿದ್ದು ಕಡಿಮೆ, ಪಾದ ನೋಡಿದ್ದೇ ಹೆಚ್ಚು.

"ಬಲಗಾಲಿನ ಗಾಯ ಮಾಯೋಕೆ ತುಂಬ ದಿನ ಹಿಡೀತೇನಪ್ಪಾ?"

"ಹೂಂ."

ಮುದುಕ ಒಳಗಿನಿಂದ ಒಂದು ಜೊತೆ ಚಪ್ಪಲಿ ತಂದುಕೊಟ್ಟ. ಅಳತೆ ತೆಗೆಯಲೇ ಇಲ್ಲ, ಆದರೂ ಸರಿಯಾಗಿ ಕೂತವು. ಪಳಗಿದ ಕಣ್ಣು ಎಂದುಕೊಂಡ ಹೊಸಬ.

ಮಗ ಕೂರುತ್ತಿದ್ದ ಮಣೆಯೇ ಇವನಿಗೆ ಸಿಕ್ಕಿತು, ಊಟಕ್ಕೆ ಮಗನ ತಟ್ಟೆಯೇ ಬಂತು. ಇವನು ತಲೆ ತಗ್ಗಿಸಿ ಬೇಗಬೇಗ ಉಣ್ಣುತ್ತಿದ್ದ. ಮುದುಕ ಮಾತ್ರ ಗೋಡೆಯ ಶಿಲುಬೆಯತ್ತ ತಿರುಗಿ ಕೈಮುಗಿಯುತ್ತಿದ್ದ. "ಕರ್ತನೇ, ಕಳೆದುಹೋದ ಮಗನ್ನ ಮನೆಗೆ ಕರ್ಕೊಂಡು ಬಂದೆ. ನಿನಗೆ ಸ್ತೋತ್ರ."

ಮಣ್ಣಾದವನು ಮನೆಗೆ ಬಂದಿದ್ದಾನಂತೆ. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದ ಹೊಸಬ. ಆದರೂ ಬಾಗಿಲಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡುತ್ತಿದ್ದ. ಯಾರೂ ಇರುತ್ತಿರಲಿಲ್ಲ.

ಈಗ ನೋಡಿದರೆ ಕಪಾಟಿಗೆ ಬೀಗವೇ ಇರಲಿಲ್ಲ. ಮೇಲಿನ ಅರೆಯಲ್ಲಿ ಬಿಳಿ ಬಟ್ಟೆಯ ಗಂಟು. ಬಿಚ್ಚಿದ. ಬಲಗಾಲಿನ ಬೂಟು ಎಣ್ಣೆ ಕುಡಿದು ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಎಡಗಾಲಿನದು.

ಹೊಳೆಗೆ ಎಸೆದದ್ದು ತಿರುಗಿ ಬಂದಿತೇ? ಎತ್ತಿ ನೋಡಿದ. ಅದರ ಅಟ್ಟೆಗೆ ಒಂದು ಕಣ ಮಣ್ಣೂ ಅಂಟಿರಲಿಲ್ಲ.

"ಅದನ್ನ ನಾನೇ ಹೊಲಿದೆ. ಮಗನ್ನ ಮಣ್ಣು ಮಾಡಿ ಬಂದ ವಾರವೇ."

ಹಿತ್ತಲ ಬಾಗಿಲಲ್ಲಿ ಮುದುಕ ನಿಂತಿದ್ದ, ಕಂಕುಳಲ್ಲಿ ಬೈಬಲ್ಲು. ಹೊಸಬ ಓಡಬೇಕೆಂದುಕೊಂಡ, ಕಾಲು ಏಳಲಿಲ್ಲ. ಮುದುಕ ನಿಧಾನವಾಗಿ ಬಂದು ನೆಲದ ಮೇಲೆ ಕೂತ. ಮಗ ಹಿಡಿದಿದ್ದ ಕಾಲನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹಾಕ್ಕೋ ಮಗಾ. ಅವತ್ತು ಬರಿಗಾಲಲ್ಲಿ ಗಾಜು ತುಳ್ಕೊಂಡು ಓಡಿದ್ಯಲ್ಲ, ಅವತ್ತಿಂದ ನನಗೂ ನಿದ್ದೆ ಹತ್ತಿಲ್ಲ."