ಮರುಪರಿಶೀಲನೆಯ ಫೋನು

ನೀವು ಹೇಳಿದ ಒಂದಕ್ಷರವೂ ನಿಮ್ಮ ಯಜಮಾನರ ಕಿವಿಗೆ ಬೀಳುವುದಿಲ್ಲ ಎಂದು ಸರ್ವೆ ಅಕ್ಕ ಟೈಲರಮ್ಮನಿಗೆ ಮಾತು ಕೊಟ್ಟು ಮೂರು ವರ್ಷವಾಗಿತ್ತು. ಆ ಮಾತು ನಂಬಿಯೇ ಟೈಲರಮ್ಮ ವರ್ಷಕ್ಕೊಮ್ಮೆ ಹೊಲಿಗೆ ಯಂತ್ರ ನಿಲ್ಲಿಸಿ, ಬಾಗಿಲು ಹಾಕಿ, ಇಪ್ಪತ್ತೆರಡು ಪ್ರಶ್ನೆಗೂ ಉತ್ತರ ಹೇಳುತ್ತಿದ್ದಳು. ಗಂಡ ಹೆಂಡತಿಯರಲ್ಲಿ ಯಾರು ಯಾರಿಗೆ ಎಷ್ಟು ಹೊಡೆಯುತ್ತಾರೆ ಎಂಬ ಅಧ್ಯಯನ ಅದು. ಫಾರಮ್ಮಿನ ನೆತ್ತಿಯ ಮೇಲೆ ಮಾತ್ರ ‘ಕುಟುಂಬ ಆರೋಗ್ಯ ಸಮೀಕ್ಷೆ’ ಎಂದಿರುತ್ತಿತ್ತು.

ಈ ಬೆಳಿಗ್ಗೆ ಅಕ್ಕ ಕಚೇರಿಗೆ ಕಾಲಿಡುವಷ್ಟರಲ್ಲಿ ಹೊಸದಾಗಿ ಬಂದ ಪರಿಶೀಲಕ ಇಪ್ಪತ್ತು ಮನೆಗೆ ಫೋನು ಮಾಡಿ ಮುಗಿಸಿದ್ದ. ಸರ್ವೆಯವರು ನಿಜವಾಗಿಯೂ ಮನೆಗೆ ಹೋಗಿದ್ದರೇ ಅಥವಾ ಎಲ್ಲೋ ಮರದ ಕೆಳಗೆ ಕೂತು ಫಾರಂ ತುಂಬಿದರೇ ಎಂದು ನೋಡುವುದು ಅವನ ಕೆಲಸ.

“ಹತ್ತು ಗಂಡಸರ ಫಾರಂ, ಹತ್ತು ಹೆಂಗಸರದ್ದು. ಎಲ್ಲಾ ಕಡೆ ಹೋಗಿದ್ದೀರಿ ಅಕ್ಕ, ಶಭಾಷ್,” ಎಂದ.

“ಯಾರ ಹತ್ರ ಮಾತಾಡಿದೆ?”

“ಉತ್ತರ ಕೊಟ್ಟವರನ್ನೇ ಕೇಳಿದ್ರೆ ಅದು ಸಾಕ್ಷಿ ಹೇಗಾಗುತ್ತೆ? ಗಂಡಸರ ಫಾರಂಗೆ ಹೆಂಡ್ತೀರನ್ನ ಕೇಳಿದೆ, ಹೆಂಗಸರದ್ದಕ್ಕೆ ಗಂಡಂದಿರನ್ನ. ಇಬ್ಬರಿಗೂ ಒಂದೇ ನಿಯಮ.”

“ಏನಂತ ಕೇಳಿದೆ?”

“ಇದ್ದದ್ದನ್ನೇ. ಗಂಡ ಹೆಂಡ್ತಿ ಹೊಡೆದಾಟದ ಸರ್ವೆಗೆ ನಮ್ಮೋರು ಬಂದಿದ್ರಾ ಅಂತ.”

“ಪುಣ್ಯಾತ್ಮ, ಕುಟುಂಬ ಆರೋಗ್ಯ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ಯಲ್ಲೋ.”

“ಅಚ್ಚಿನ ತಪ್ಪು ಅಂದ್ಕೊಂಡೆ. ನಾನೇ ಸರಿ ಮಾಡ್ಕೊಂಡು ಓದಿದೆ.”

ಅಕ್ಕ ಹಣೆ ಚಚ್ಚಿಕೊಂಡಳು. ಮೂರು ವರ್ಷ ಚಪ್ಪಲಿ ಸವೆಸಿ ಗಳಿಸಿದ ನಂಬಿಕೆಯನ್ನು ಇವನು ಕುರ್ಚಿ ಬಿಟ್ಟು ಏಳದೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ತೊಳೆದುಬಿಟ್ಟಿದ್ದ.

“ಹೆಂಡ್ತೀರು ಏನಂದ್ರು?”

“ನಕ್ಕರು. ಒಬ್ಬಳಂತೂ ‘ನಾನೂ ಎರಡು ಬಿಟ್ಟಿದ್ದೀನಿ, ಅದನ್ನೂ ಬರ್ಕೊಂಡ್ರಾ’ ಅಂದಳು. ಆ ವಾಚ್‌ಮನ್ ಹೆಂಡ್ತಿ ಮಾತ್ರ ಪಟ್ಟಂತ ಫೋನ್ ಇಟ್ಟಳು.”

ವಾಚ್‌ಮನ್ನನ ಮುಂಗೈಯ ಮೇಲೆ ಹೆಂಡತಿ ಸುಟ್ಟ ಗಾಯ ಅಕ್ಕನ ಕಣ್ಣ ಮುಂದೆ ಬಂತು. “ಗಂಡಂದಿರು?”

“ಮರ್ಯಾದಸ್ಥರು, ಪಾಪ. ಒಬ್ಬರೂ ರೇಗಲಿಲ್ಲ. ಹತ್ತೂ ಜನ ಕೇಳಿದ್ದು ಒಂದೇ ಮಾತು, ‘ಅವಳು ಏನು ಹೇಳಿದ್ಲು?’ ಅಂತ.”

“ಎಲ್ಲರಿಗೂ ಇನ್ನೊಂದ್ ಸಲ ಮಾಡು. ತಪ್ಪಾಯ್ತು, ಜ್ವರ ಕೆಮ್ಮಿನ ಸರ್ವೆ ಅನ್ನು. ವಾಚ್‌ಮನ್ ಮನೆಗೆ ಮೊದಲು,” ಎಂದವಳೇ ಅಕ್ಕ ಚೀಲ ಹೆಗಲಿಗೇರಿಸಿ ಓಡಿದಳು. ಆ ಹತ್ತು ಗಂಡಂದಿರಲ್ಲಿ ಒಬ್ಬನಾದ ಟೈಲರಮ್ಮನ ಗಂಡ ಫೋನಿನ ಮಾತಿಗೆ ಬಗ್ಗುವ ಆಸಾಮಿಯಲ್ಲ.

ಟೈಲರಮ್ಮ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಸಿಕ್ಕಿಕೊಂಡಿತ್ತು.

“ನಮ್ಮ ಯಜಮಾನ್ರು ಫೋನ್ ಮಾಡಿದ್ರು. ಮಧ್ಯಾಹ್ನ ಊಟಕ್ಕೆ ಮನೆಗೇ ಬರ್ತೀನಿ ಅಂದ್ರು. ಯಾವತ್ತೂ ಬಂದೋರಲ್ಲ.”

“ಎದ್ದೇಳಿ, ನನ್ನ ಜೊತೆ ಬಂದುಬಿಡಿ. ಮಗಳನ್ನ ಶಾಲೆಯಿಂದಲೇ ಕರ್ಕೊಂಡ್ ಹೋಗೋಣ.”

“ಎಷ್ಟು ದಿನಕ್ಕೆ?”

ಇಪ್ಪತ್ತೆರಡು ಪ್ರಶ್ನೆ ಕೇಳಿ ಬರುವುದಷ್ಟೇ ಅಕ್ಕನಿಗೆ ಕಲಿಸಿದ ಕೆಲಸ.

“ಒಂದು ಖಾಲಿ ಫಾರಂ ತುಂಬ್ಕೊಡಿ ಅಕ್ಕ,” ಎಂದಳು ಟೈಲರಮ್ಮ. “ನಾನು ಹೇಳಿದ್ದು ಇಷ್ಟೇ ಅಂತ ತೋರಿಸ್ತೀನಿ.”

ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಫಾರಂ ಹರಡಿದಳು. ಕೆನ್ನೆಗೆ ಹೊಡೆದಿದ್ದಾರೆಯೇ, ಇಲ್ಲ. ಕತ್ತು ಹಿಸುಕಿದ್ದಾರೆಯೇ, ಇಲ್ಲ. ಅವರನ್ನು ಕಂಡರೆ ಭಯವೇ, ಇಲ್ಲ. ಹೀಗೆ ಇಪ್ಪತ್ತೆರಡು ‘ಇಲ್ಲ’ ಬರೆದು, ಸಹಿ ಹಾಕಿ, ಮೊಹರು ಒತ್ತಿದಳು. ಟೈಲರಮ್ಮ ಬಗ್ಗಿ, ಬೆರಳಿಟ್ಟು, ಒಂದೊಂದೇ ಸಾಲು ಓದಿದಳು.

“ಎಲ್ಲಾ ಇಲ್ಲ ಅಂದ್ರೆ ಅವರು ನಂಬಲ್ಲ. ಇಲ್ಲಿ ‘ನೀವು ಗಂಡನ ಮೇಲೆ ಕೈ ಮಾಡಿದ್ದೀರಾ’ ಅಂತ ಇದ್ಯಲ್ಲ, ಇದೊಂದಕ್ಕೆ ಹೌದು ಅಂತ ಹಾಕಿ. ಆಗ ನಂಬ್ತಾರೆ.”

ಅಕ್ಕ ‘ಇಲ್ಲ’ ಹೊಡೆದುಹಾಕಿ ‘ಹೌದು’ ಎಂದು ಬರೆದಳು. ಆ ಪ್ರಶ್ನೆಗೆ ಟೈಲರಮ್ಮ ಹಿಂದೆ ನಿಜವಾಗಿ ಹೇಳಿದ್ದೂ ‘ಹೌದು’ ಎಂದೇ, ಅದೀಗ ಗಂಡನ ಕೈಗೆ ಹೋಗುತ್ತಿತ್ತು. ಮೂರು ವರ್ಷದ ಹಿಂದೆ ಕೊಟ್ಟ ಮಾತು ಉಳಿಯಲಿಲ್ಲ.